ಕಂಬಿ ಬೈಯುತ್ತದೆ, ತೊಲೆ ಹೊಡೆಯುತ್ತದೆ

ನನ್ನ ತಂಗಿಯ ಮಗಳು ಸುಜಾತ ಬ್ರಹ್ಮಾವರದಲ್ಲಿ ಹೊಸದಾಗಿ ಎದ್ದ ಅಂಗಡಿ ಕಟ್ಟಡದ ಪಾರ್ಕಿಂಗ್ ಕೆಲಸಕ್ಕೆ ಸೇರಿದ್ದಾಳೆ. ಸೇರಿದ ವಾರವೇ ಫೋನು.

“ದೊಡ್ಡಮ್ಮ, ಇದ್ರಗೆ ಕಲೂಕೆ ಎಂತ ಇತ್ತ್? ಕೈ ಬೀಸೂದ್, ಸೀಟಿ ಊದೂದ್. ಅಷ್ಟೇ ಅಲ್ದಾ?”

“ಹೌದ್ ಮಗಾ, ಅಷ್ಟೇ. ನೀ ಕೈ ಬೀಸ್ದ್ ಕೂಡ್ಲೇ ಗಾಡಿ ನಿಂತ್ರೆ ಅಷ್ಟೇ. ನಿಲ್ದಿದ್ರೆ ಇನ್ನೊಂಚೂರ್ ಇತ್ತ್.”

ಆ ಇನ್ನೊಂಚೂರನ್ನು ಬರೆದುಕೊಡಿ ಎಂದಳು. ಅವಳಿಗೂ, ಅವಳ ಹಾಗೆ ಸೀಟಿ ಹಿಡಿದು ಬಿಸಿಲಿಗೆ ನಿಂತಿರುವ ಬೇರೆ ಹೆಣ್ಣುಮಕ್ಕಳಿಗೂ ಆಗಲಿ ಎಂದು ದೇವರಿಗೆ ದೀಪ ಹಚ್ಚಿ ಕೂತು ಬರೆಯುತ್ತಿದ್ದೇನೆ. ನಮ್ಮ ಮನೆಯವರು ಬಾಗಿಲಲ್ಲಿ ಇಣುಕಿ, “ಡ್ರೈವರ್‌ಗಳಿಗೆ ನೀ ಬೈದದ್ದೆಲ್ಲ ಬರೂಕ್ ಹೊರಟ್ರೆ ಪುಸ್ತಕ ಸಾಕಾತಿಲ್ಲೆ,” ಎಂದು ಹೇಳಿ ಹೋದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ.

ಇಷ್ಟನ್ನೂ ಬರೆಯುತ್ತಿರುವುದು ಕೆರಾಡಿಯ ಅಜ್ಜಿಯ ಕಾರಣಕ್ಕೆ. ಮೊಮ್ಮಗಳ ಧಾರೆ ಎರೆಯಲು ಬಂದ ಆ ಅಜ್ಜಿ ನಮ್ಮ ಪಾರ್ಕಿಂಗಿನ ಬಾಗಿಲಲ್ಲಿ ಎರಡು ಬೆರಳಿನ ಎತ್ತರಕ್ಕೆ ಸಿಕ್ಕಿಕೊಂಡರು. ಮೇಲಿನ ಹಾಲಿನಲ್ಲಿ ಮುಹೂರ್ತ ಹತ್ತಿರ ಬರುತ್ತಿತ್ತು. ಅಜ್ಜಿ ಮೇಲೆ ಮುಟ್ಟಿದರೋ ಇಲ್ಲವೋ ಎಂಬುದನ್ನು ಹೇಳದೆ ಬಿಡುವುದಿಲ್ಲ. ಆದರೆ ಅದು ತಿಳಿಯಬೇಕಾದರೆ ಮೊದಲು ಆ ಬಾಗಿಲು ತಿಳಿಯಬೇಕು.

ನಾನಿದ್ದದ್ದು ಕುಂದಾಪುರದ ಪೇಟೆಯೊಳಗಿನ ಒಂದು ಕಟ್ಟಡದಲ್ಲಿ. ಕೆಳಗೆ ಸೀರೆ ಅಂಗಡಿ, ಅದರ ಮೇಲೆ ಹಲ್ಲಿನ ಡಾಕ್ಟರು, ಎಲ್ಲಕ್ಕಿಂತ ಮೇಲೆ ಮದುವೆ ಹಾಲು. ಎಲ್ಲಕ್ಕಿಂತ ಕೆಳಗೆ, ನೆಲದೊಳಗೆ, ಕಾರು ನಿಲ್ಲಿಸುವ ಜಾಗ ಮತ್ತು ನಾನು. ತ್ರಾಸಿಯಿಂದ ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆ ಅದೇ ಸಮುದ್ರ ನೋಡುತ್ತಾ ಬರುವುದು. ಬಡ್ತಿಯ ವಿಷಯ ಬರೆಯುವ ಹಾಗಿಲ್ಲ. ಆ ಕೆಲಸದಲ್ಲಿ ನಾನು ಮೇಲೆ ಹೋದದ್ದು ಮದುವೆಯ ಊಟಕ್ಕೆ ಕರೆದಾಗ ಮಾತ್ರ, ಅದೂ ಲಿಫ್ಟಿನಲ್ಲಿ.

ಮೊದಲು ನಾನು ಅಲ್ಲಿ ಸೇರಿದ್ದು ಗುಡಿಸಿ ಒರೆಸುವ ಕೆಲಸಕ್ಕೆ. ಗೇಟಿನಲ್ಲಿದ್ದವರು ಒಂದು ದಿನ ಜ್ವರವೆಂದು ಬರಲಿಲ್ಲ. ಹಿಡಿಸೂಡಿ ಬದಿಗಿಟ್ಟು ಒಂದು ಘಳಿಗೆ ನಿಂತವಳು ಕೂದಲು ನರೆಯುವ ತನಕ ನಿಂತೆ. ಗಂಡಸರು ಗೇಟಿನಲ್ಲಿದ್ದರೆ ಡ್ರೈವರುಗಳು ಜಗಳಕ್ಕೆ ಇಳಿಯುತ್ತಾರೆ. ಹೆಂಗಸು ನಿಂತರೆ ಬಾಯಿಗೆ ಮೊದಲು ಬರುವುದು ‘ಅಕ್ಕ’. ಒಮ್ಮೆ ಅಕ್ಕ ಎಂದ ಮೇಲೆ ಜಗಳ ಅರ್ಧಕ್ಕೇ ನಿಲ್ಲುತ್ತದೆ. ಈ ಕೆಲಸಕ್ಕೆ ದೇವರು ನನಗೆ ಕೊಟ್ಟ ದೊಡ್ಡ ಆಯುಧ ಅದೊಂದೇ.

ಇನ್ನು ಆ ಬಾಗಿಲು. ರಸ್ತೆಯಿಂದ ಕಡಿದಾದ ಇಳಿಜಾರು, ಚಕ್ರ ಜಾರದಂತೆ ಅಡ್ಡಡ್ಡ ಗೀರು ಹಾಕಿದ ಸಿಮೆಂಟು. ಇಳಿಜಾರಿನ ತಲೆಯಲ್ಲಿ ಸರಪಳಿಯಿಂದ ನೇತುಹಾಕಿದ ಹಳದಿ ಕಪ್ಪು ಪಟ್ಟೆಯ ಕಬ್ಬಿಣದ ಕಂಬಿ. ಇಳಿಜಾರು ಮುಗಿಯುವಲ್ಲಿ ಅಷ್ಟೇ ಎತ್ತರಕ್ಕೆ ಇಡೀ ಕಟ್ಟಡ ಹೊತ್ತ ಕಾಂಕ್ರೀಟಿನ ತೊಲೆ. ಎಲ್ಲರಿಗೂ ಸಿಟ್ಟು ಬರುವುದು ಕಂಬಿಯ ಮೇಲೆ. “ಅಕ್ಕ, ಆ ಕಂಬಿ ಒಂಚೂರ್ ಎತ್ತಿ, ದಾಟಿ ಹೋತೆ,” ಎನ್ನುತ್ತಾರೆ. ಕಂಬಿ ಎತ್ತಬಹುದು ಮಾರಾಯ್ರೆ, ತೊಲೆ ಎತ್ತುವುದು ಯಾರು? ಕಂಬಿ ಬೈಯುತ್ತದೆ, ಅಷ್ಟೆ. ಹೊಡೆಯುವುದು ತೊಲೆ. ಬೈಗುಳಕ್ಕೇ ಎಚ್ಚರಾದವನಿಗೆ ಹೊಡೆತ ಬೀಳುವುದಿಲ್ಲ. ನನ್ನ ಅಮ್ಮ ನಮ್ಮನ್ನು ಸಾಕಿದ್ದೂ ಹಾಗೆಯೇ.

ಒಂದು ವಿಚಿತ್ರ ನೀನೂ ನೋಡುತ್ತೀ ಸುಜಾತ. ಕಾರು ಕಂಬಿಯ ಕೆಳಗೆ ಬರುವಾಗ ಒಳಗೆ ಕೂತವರೆಲ್ಲ ತಲೆ ತಗ್ಗಿಸುತ್ತಾರೆ. ಲಕ್ಷಗಟ್ಟಲೆಯ ಕಾರಿನವನೂ ತಗ್ಗಿಸುತ್ತಾನೆ, ಹಿಂದಿನ ಸೀಟಿನ ಮಗುವೂ ತಗ್ಗಿಸುತ್ತದೆ. ಗಾಡಿ ಬಗ್ಗುವುದಿಲ್ಲ, ಬಗ್ಗುವುದು ಡ್ರೈವರ್. ಆಯುಧಪೂಜೆಯ ದಿನ ನಾನು ಕಂಬಿಗೆ ಕುಂಕುಮ ಹಚ್ಚಿ ದಾಸವಾಳ ಸಿಕ್ಕಿಸುತ್ತಿದ್ದೆ. ಅವತ್ತು ಕೆಲವರು ಕೈ ಕೂಡ ಮುಗಿದು ಹೋದರು. ಭಕ್ತಿ ಎಲ್ಲಿಂದ ಬಂದರೂ ಒಳ್ಳೆಯದೇ.

ನನ್ನ ಅಳತೆಕೋಲು ಮನೆಯಿಂದ ಒಯ್ದ ದೋಟಿ. ಪೇರಳೆ ಕೊಯ್ಯುವ ಬಿದಿರಿನ ದೋಟಿಗೆ ತೊಲೆಯ ಎತ್ತರದಲ್ಲಿ ಕೆಂಪು ನೂಲು ಕಟ್ಟಿದ್ದೆ. ಗಾಡಿ ಬಂದರೆ ಬದಿಯಲ್ಲಿ ನಿಲ್ಲಿಸಿ ನೋಡುವುದು. ನೂಲು ತಾರಸಿಗಿಂತ ಮೇಲಿದ್ದರೆ ಬನ್ನಿ, ಕೆಳಗಿದ್ದರೆ ಮುಂದಿನ ಬೀದಿಗೆ ಹೋಗಿ. ಬೋರ್ಡಿನಲ್ಲಿ ಎತ್ತರ ಬರೆದಿರಲಿಲ್ಲವೇ ಎಂದರೆ ಬರೆದಿತ್ತು. ಆದರೆ ತನ್ನ ಗಾಡಿಯ ಎತ್ತರ ತಿಳಿದ ಡ್ರೈವರನ್ನು ನಾನು ಕಂಡದ್ದು ಕಡಿಮೆ. “ಎಷ್ಟ್ ಎತ್ರ ಇತ್ತ್ ನಿಮ್ ಗಾಡಿ?” ಎಂದು ಕೇಳಿದರೆ “ಸಾಧಾರ್ಣ ಇತ್ತಕ್ಕ” ಎನ್ನುತ್ತಿದ್ದರು. ತೊಲೆಗೆ ‘ಸಾಧಾರ್ಣ’ ತಿಳಿಯುವುದಿಲ್ಲ.

ಗಾಡಿಯ ಎತ್ತರ ತಿಳಿದವರಿಗೂ ಗಾಡಿಯ ಮೇಲೆ ಕಟ್ಟಿದ್ದು ಮರೆತುಹೋಗುತ್ತದೆ. ಮುಂಬಯಿಯಿಂದ ರಜೆಗೆ ಬಂದ ಒಂದು ಸಂಸಾರ ತಾರಸಿಗೆ ಹಲಸಿನ ಹಣ್ಣು ಕಟ್ಟಿಕೊಂಡು ಸೀರೆ ಅಂಗಡಿಗೆ ಬಂತು. ನಾನು ಕೈ ಬೀಸಿದೆ. ಅವರು ನಾನು ಸ್ವಾಗತ ಮಾಡುತ್ತಿದ್ದೇನೆಂದು ತಿಳಿದು ನಗುತ್ತಾ ನುಗ್ಗಿದರು. ಕಂಬಿ ಬೈಯಿತು, ಹಗ್ಗ ಹರಿಯಿತು. ಹಲಸಿನ ಹಣ್ಣು ಇಳಿಜಾರಿನಲ್ಲಿ ಉರುಳಿ ಕಾರಿಗಿಂತ ಮೊದಲೇ ಹೋಗಿ ಪಾರ್ಕಿಂಗ್ ಮಾಡಿತು. ಕಟ್ಟಿದ್ದು ಯಾರೆಂದು ಗಂಡ ಹೆಂಡತಿಗೆ ಅಲ್ಲೇ ಚರ್ಚೆ. ಒಡೆದ ಹಣ್ಣನ್ನು ಏನು ಮಾಡುವುದು? ಎಲ್ಲರೂ ನಿಂತು ತಿಂದೆವು. ಒಳ್ಳೆಯ ಚಂದ್ರಬಕ್ಕೆ, ತೊಳೆ ತೊಳೆಯೂ ಜೇನು. ಅವತ್ತು ಬಸ್ಸಿನಲ್ಲಿ ಕೂತು ದೇವರ ಉಪಕಾರ ನೆನೆಯುವಾಗ ಅದನ್ನೂ ಸೇರಿಸಿದೆ.

ಇನ್ನೊಮ್ಮೆ ಆಟದ ಪ್ರಚಾರದ ಕಾರು ಬಂತು. ಸಂಜೆಯ ಯಕ್ಷಗಾನಕ್ಕೆ ಊರೂರು ತಿರುಗಿ ಕರೆಯುವ ಗಾಡಿ, ತಲೆಯ ಮೇಲೆ ಎರಡು ಮೈಕಿನ ಹೂವು. ಡ್ರೈವರಿಗೆ ಹಲ್ಲುನೋವು, ಡಾಕ್ಟರ ಹತ್ತಿರ ಓಡುವ ಅವಸರ. ಮೈಕಿನ ಒಂದು ಹೂವು ಕಂಬಿಗೆ ತಾಗಿ ಬಗ್ಗಿ ಹಿಂದುಮುಂದಾಗಿ ತಿರುಗಿತು, ಆದರೆ ಕೂಗುವುದನ್ನು ನಿಲ್ಲಿಸಲಿಲ್ಲ. ಡ್ರೈವರ್ ಕೀಲಿ ಹಿಡಿದುಕೊಂಡು ಮೇಲೆ ಹೋಗಿ ಬಾಯಿ ತೆರೆದು ಮಲಗಿದ್ದಾನೆ, ಕೆಳಗೆ ನೆಲಮಾಳಿಗೆ “ಬನ್ನಿರಿ, ಸಕುಟುಂಬ ಸಮೇತರಾಗಿ ಬನ್ನಿರಿ” ಎಂದು ಗುಡುಗುತ್ತಿದೆ. ಸೀರೆ ಅಂಗಡಿಯವರು ಇಳಿದು ಬಂದು, “ಅಕ್ಕ, ಗಿರಾಕಿಗಳ್ ಎಲ್ಲ ಆಟಕ್ಕ್ ಹೊರಟ್ರ್, ಅದ್ನ ನಿಲ್ಸಿ,” ಎಂದು ಕೈ ಮುಗಿದರು. ಕಾರಿಗೆ ಬೀಗ. ನಾನು ನನ್ನ ಶಾಲು ಸುತ್ತಿ ಅದರ ಬಾಯಿಗೆ ತುರುಕಿದೆ. ಆಮೇಲೆ ಭಾಗವತರಿಗೆ ಶೀತವಾದ ಹಾಗೆ ಕೇಳುತ್ತಿತ್ತು.

ನಮ್ಮ ಮ್ಯಾನೇಜರಿಗೆ ಬೋರ್ಡಿನಲ್ಲಿ ಅಪಾರ ನಂಬಿಕೆ. ಒಳ್ಳೆಯವರು, ಸ್ವಲ್ಪ ಮೈ ತುಂಬಿದವರು, ಬಿಸಿಲಿಗೆ ಬಂದರೆ ಬೆವರುವವರು. ಹಲಸು ಬಿದ್ದಾಗ ‘ತಾರಸಿಯ ಸಾಮಾನು ಇಳಿಸಿ’ ಎಂಬ ಬೋರ್ಡು ಬಂತು. ಮೈಕು ತಾಗಿದಾಗ ‘ಮೈಕು ಇಳಿಸಿ’ ಎಂಬುದೂ ಬಂತು. ಕೊನೆಗೆ ಓದುವವರು ಬಾಗಿಲಲ್ಲೇ ಗಾಡಿ ನಿಲ್ಲಿಸಿ ಓದತೊಡಗಿ ಹಿಂದೆ ಸಾಲು ನಿಂತಿತು. ಆಗ ‘ಇಲ್ಲಿ ನಿಲ್ಲಬೇಡಿ’ ಎಂಬ ಬೋರ್ಡು.

ಅವರ ನಿಜವಾದ ಹೆದರಿಕೆ ತೊಲೆಯದು. ಅದು ಶುರುವಾದದ್ದು ಜವಳಿ ಟೆಂಪೋದಿಂದ.

ನಮ್ಮ ಕಡೆ ಮದುವೆಗೆ ಜವಳಿ ತೆಗೆಯುವುದೆಂದರೆ ಹುಡುಗಿ ಒಬ್ಬಳೇ ಹೋಗಿ ಸೀರೆ ತರುವುದಲ್ಲ. ಅತ್ತೆ, ಚಿಕ್ಕಮ್ಮ, ಅತ್ತಿಗೆ, ನೆರೆಮನೆಯವರು, ಎಲ್ಲರಿಗೂ ಒಂದೊಂದು ಅಭಿಪ್ರಾಯ, ಎಲ್ಲರನ್ನೂ ಹೊರಲು ಒಂದು ಟೆಂಪೋ. ಬೈಂದೂರಿನ ಕಡೆಯಿಂದ ಹಾಗೊಂದು ಟೆಂಪೋ ಹೆಂಗಸರನ್ನು ತುಂಬಿಕೊಂಡು ಬಂತು. ದೋಟಿ ಹಿಡಿದು ನೋಡಿದೆ, ಕೂದಲೆಳೆಯಷ್ಟು ಜಾಗ ಇತ್ತು. ಬಿಸಿಲಿಗೆ ಇಳಿದು ನಡೆಯಲು ಯಾರಿಗೂ ಮನಸ್ಸಿಲ್ಲ. “ಬರ್ಲಿ, ಬರ್ಲಿ,” ಎಂದು ನಿಧಾನಕ್ಕೆ ಒಳಗೆ ಬಿಟ್ಟೆ. ಸಲೀಸಾಗಿ ಹೋಯಿತು. ಎಲ್ಲರೂ ಇಳಿದು ಅಂಗಡಿ ಹೊಕ್ಕರು.

ಸಂಜೆಗೆ ಡ್ರೈವರ್ ಒಬ್ಬನೇ ಟೆಂಪೋ ಹೊರಗೆ ತರಲು ಹೊರಟ. ತೊಲೆಯ ಕೆಳಗೆ ಬಂದದ್ದೇ ಕರ್ರೆಂದಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ.

“ಇದೆಂತ ಅಕ್ಕ? ಬಪ್ಪತಿಗೆ ಬಂದದ್, ಹೋಪತಿಗೆ ಎಂತಕ್ ಹೋತಿಲ್ಲೆ? ನಿಮ್ ಕಟ್ಟಡ ಕುಸ್ದಿತಾ?”

“ಕಟ್ಟಡ ಕುಸ್ದ್ರೆ ನಾ ಇಲ್ಲಿ ನಿಂತಿರ್ತಿನಾ ಮಾರಾಯ? ನಿನ್ ಗಾಡಿಯೇ ಬೆಳ್ದಿತ್ತ್.”

ಬಾಯಿಗೆ ಬಂದದ್ದನ್ನು ಹೇಳಿದೆ. ಅದೇ ನಿಜವಾಯಿತು. ಜವಳಿಯ ಗಂಟು ಹಿಡಿದು ಬಂದ ಅವರ ಅತ್ತೆಯೊಬ್ಬರು, ದುಂಡನೆಯ ಹೆಂಗಸು, “ನಂಗ್ ಕಾಲ್ ನೋಯ್ತತ್ತ್, ಸಿಕ್ಕಿ ಬಿದ್ರೂ ಅಡ್ಡಿಲ್ಲೆ, ಕೂಕಂತೆ,” ಎಂದು ಹಿಂಬಾಗಿಲಿನಿಂದ ಹತ್ತಿ ಕೂತರು. ಟೆಂಪೋ ಕುಯ್ ಎಂದು ಒಂದಿಷ್ಟು ತಗ್ಗಿತು. ತಾರಸಿಗೂ ತೊಲೆಗೂ ನಡುವೆ ಬೆಳಕಿನ ಗೆರೆ ಕಂಡಿತು. ಬೆಳಿಗ್ಗೆ ಜನ ತುಂಬಿ ಸ್ಪ್ರಿಂಗ್ ಪಟ್ಟಿ ಕುಗ್ಗಿದ್ದಕ್ಕೆ ಗಾಡಿ ಗಿಡ್ಡವಾಗಿತ್ತು. ಜನ ಇಳಿದ ಮೇಲೆ ಇಡ್ಲಿ ಹಿಟ್ಟಿನ ಹಾಗೆ ಉಬ್ಬಿ ಎದ್ದಿತ್ತು. ಎಲ್ಲರನ್ನೂ ಕರೆದು ಒಳಗೆ ಕೂರಿಸಿದೆವು, ಜವಳಿಯ ಗಂಟನ್ನೂ ಹೇರಿದೆವು. ಟೆಂಪೋ ತೊಲೆ ದಾಟಿ ಮೇಲೆ ಹೋಯಿತು. ಡ್ರೈವರ್ ಹೋಗುವಾಗ ಆ ಅತ್ತೆಯನ್ನು ನೋಡಿ, “ಇವ್ರನ್ನ ಇನ್ ಮೇಲೆ ಜಾಕ್ ಬದ್ಲಿಗ್ ಇಟ್ಕಂತೆ,” ಎಂದು ಬೈಸಿಕೊಂಡ.

ಮ್ಯಾನೇಜರು ಬಂದು ತೊಲೆಯ ಮೇಲಿನ ಗೀರು ನೋಡಿದರು. ಕಟ್ಟಡದ ಧಣಿಗಳಿಂದ ಅವರಿಗೆ ಬೈಗುಳ ಬಿದ್ದಿತ್ತು, ಅದನ್ನು ಹಾಗೆಯೇ ಇಳಿಸಿ ನನಗೆ ಕೊಟ್ಟರು.

“ಗಿರಿಜಕ್ಕ, ಇನ್ನೊಂದ್ ಸಲ ತೊಲಿಗ್ ತಾಗ್ರೆ ನೀವ್ ಮನಿಗೇ. ಎತ್ರದ್ ಗಾಡಿ ಯಾರದ್ದೇ ಇರ್ಲಿ, ಒಳಗ್ ಬಪ್ಪುಕಾಗ.”

ಸರಿ ಎಂದೆ. ಅಂದಿನಿಂದ ನನ್ನ ದೋಟಿಗೆ ಯಾರ ಮೇಲೂ ದಾಕ್ಷಿಣ್ಯ ಇರಲಿಲ್ಲ. ಹಾಗೆ ಇರುವಾಗ ವೈಶಾಖದ ಒಂದು ಮದುವೆ ಬಂತು.

ಗಂಡಿನ ಕಡೆಯವರು ಯಡ್ತರೆಯವರು. ಬೆಳಿಗ್ಗೆಯೇ ದಿಬ್ಬಣ ಎತ್ತರದ ಬಸ್ಸಿನಲ್ಲಿ ಬಂತು. ಬಸ್ಸನ್ನು ನಾನು ದೂರದ ಮೈದಾನಕ್ಕೆ ಕಳಿಸಿದೆ. ಅವರೆಲ್ಲ ರೇಷ್ಮೆ ಉಟ್ಟು ಬಿಸಿಲಿನಲ್ಲಿ ನಡೆದು ಬಂದರು. ಅವರಲ್ಲಿ ಮದುಮಗನ ಸೋದರಮಾವ ರಘುರಾಮಣ್ಣ, ಮುಂಬಯಿಯಲ್ಲಿ ಹೋಟೆಲು, ಹೋಟೆಲಿಗೆ ತಕ್ಕ ಶರೀರ. ಬೆವರು ಒರೆಸಿಕೊಳ್ಳುತ್ತಾ ನನ್ನ ಮುಂದೆ ನಿಂತು, “ಎಂತ ಅಕ್ಕ, ಮೆರವಣಿಗೆ ಮಾಡೂಕೆ ನಾನೆಂತ ಚೌತಿ ಗಣಪತಿಯಾ?” ಎಂದರು. ನನ್ನ ಕಣ್ಣು ಅವರ ಹೊಟ್ಟೆಯ ಕಡೆ ಹೋಯಿತು. ಅದು ಅವರಿಗೆ ಗೊತ್ತಾಯಿತೆಂದು ಕಾಣುತ್ತದೆ, ಇನ್ನೂ ಸಿಟ್ಟಾಗಿ ಮೆಟ್ಟಿಲು ಹತ್ತಿದರು.

ಮುಹೂರ್ತಕ್ಕೆ ಹೆಚ್ಚು ಹೊತ್ತಿಲ್ಲ ಎನ್ನುವಾಗ ಕೆರಾಡಿಯ ಟೆಂಪೋ ಬಂತು. ಎತ್ತರದ ತಲೆಯ ಟೆಂಪೋ, ಮೇಲೆ ಹೂವಿನ ಮಾಲೆ, ಮಾವಿನ ಸೊಪ್ಪು. ನಾನು ದೋಟಿ ಹಿಡಿದೆ. ಕೆಂಪು ನೂಲು ತಾರಸಿಗಿಂತ ಎರಡು ಬೆರಳು ಕೆಳಗೆ ನಿಂತಿತು.

“ಹ್ವಾಯ್, ಆತಿಲ್ಲೆ, ಹಿಂದ್ ತಕಣಿ!”

ಮುಂದಿನ ಸೀಟಿನಿಂದ ಮದುಮಗಳ ಸೋದರಮಾವ ಶೇಖರಣ್ಣ ಇಳಿದರು. “ಅಕ್ಕ, ಒಳಗ್ ನಮ್ ಅಮ್ಮ ಇದ್ರ್. ಲಿಫ್ಟ್ ಬುಡಕ್ಕೆ ಬಿಟ್ರ್ ಸಾಕ್, ಗಾಡಿ ಹೊರಗ್ ತಕಂಡ್ ಹೋತ್ರ್.”

ಇಣುಕಿದೆ. ಟೆಂಪೋದ ನಡುವಿನ ಸೀಟು ತೆಗೆದು ಗಾಲಿಕುರ್ಚಿ ಕಟ್ಟಿದ್ದರು. ಅದರಲ್ಲಿ ನೆಟ್ಟಗೆ ಕೂತ ಅಜ್ಜಿ, ಮಡಿಲಲ್ಲಿ ಬಿಳಿ ವಸ್ತ್ರ ಸುತ್ತಿದ ಹಿತ್ತಾಳೆಯ ಗಿಂಡಿ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಒಂದು ಕಾಲು ಮಡಚುವುದಿಲ್ಲವಂತೆ. ಸಣ್ಣ ಕಾರಿನಲ್ಲಿ ಕೂರಲು ಆಗುವುದಿಲ್ಲ. ಕಟ್ಟಡದ ಮುಂಬಾಗಿಲಿಗೆ ಮಳೆನೀರು ಬಾರದಂತೆ ಎತ್ತರಿಸಿ ಕಟ್ಟಿದ ಮೆಟ್ಟಿಲುಗಳು. ಸಮ ನೆಲದಲ್ಲಿ ಲಿಫ್ಟಿಗೆ ಹೋಗಲು ಇದ್ದ ದಾರಿ ನನ್ನ ನೆಲಮಾಳಿಗೆ ಒಂದೇ.

ಅಷ್ಟರಲ್ಲಿ ಮೇಲಿನಿಂದ ಜನ ಇಳಿದು ಬಂದಿದ್ದರು. ಯಾರೋ ಹೇಳಿದರು, “ಕುರ್ಚಿ ಸಮೇತ ನಾಲ್ಕ್ ಜನ ಎತ್ತಿ ಮೆಟ್ಲ್ ಹತ್ಸ್ವ.”

ಒಳಗಿನಿಂದ ಅಜ್ಜಿಯ ಸ್ವರ ಬಂತು. “ಯಾರದ್, ನನ್ ಎತ್ತೂದ್? ನಾಲ್ಕ್ ಜನ ನನ್ನ ಹೊತ್ಕಂಡ್ ಹೋಪುದ್ ಒಂದೇ ಸಲ. ಅದ್ ಮದಿ ಮನಿಗಲ್ಲ.”

ಯಾರೂ ಮತ್ತೆ ಆ ಮಾತು ಎತ್ತಲಿಲ್ಲ, ಅಜ್ಜಿಯನ್ನೂ ಎತ್ತಲಿಲ್ಲ. ಗಾಲಿಕುರ್ಚಿ ಹಿಡಿದುಕೊಂಡು ಇಳಿಜಾರಿನಲ್ಲಿ ಇಳಿಸೋಣವೇ ಎಂದು ನಾನು ಕೇಳಿದೆ. ಅಜ್ಜಿ ಕಿಟಕಿಯಿಂದ ಬಗ್ಗಿ ನೋಡಿದರು. “ಇದ್ ದಾರಿಯಲ್ಲ ಹೆಣೆ, ಬಾಮಿ.” ನೋಡಿದರೆ ಬಾವಿಯ ಹಾಗೆಯೇ ಇತ್ತು. ಆ ಗೀರಿನ ಮೇಲೆ ಗಡಗಡ ಇಳಿಸಿದರೆ ಜೋಡಿಸಿದ ಮೂಳೆ ಉಳಿಯುತ್ತಿರಲಿಲ್ಲ.

“ಹಾಂಗಾರೆ ಎಂತ ಮಾಡೂದ್ ಅಮ್ಮ? ಧಾರಿ ನಾ ಎರೀತೆ ಬಿಡಿ,” ಎಂದರು ಶೇಖರಣ್ಣ.

ಅಜ್ಜಿ ನನ್ನನ್ನು ಹತ್ತಿರ ಕರೆದು ಸಣ್ಣ ಸ್ವರದಲ್ಲಿ ಹೇಳಿದರು, “ಅದ್ರ ಅಬ್ಬಿ, ನನ್ ಮಗಳ್, ತೀರಿ ಹೋಪತಿಗೆ ಮಗು ನನ್ ಮಡ್ಲಗಿತ್ತ್. ನಿನ್ ಮಗ್ಳ ಧಾರಿ ನಾನೇ ಎರೀತೆ, ನೀ ನೆಮ್ಮದಿಯಗ್ ಹೋಗ್ ಅಂದಿದ್ದೆ. ಎರಡ್ ಬೆರಳಿಗೆ ಆ ಮಾತ್ ತಪ್ಪೂದಾ ಹೆಣೆ?”

ನಾನು ಮನಸ್ಸಿನಲ್ಲೇ ಕೊಲ್ಲೂರಿನ ಅಮ್ಮನಿಗೆ ಹೇಳಿದೆ: ಅಮ್ಮಾ, ತೊಲೆ ಎತ್ತು ಎನ್ನುವುದಿಲ್ಲ, ಬುದ್ಧಿ ಕೊಡು.

ಮೊದಲು ಮಾಲೆ, ಸೊಪ್ಪು ತೆಗೆಸಿದೆ. ಅರ್ಧ ಬೆರಳು ಇಳಿಯಿತು. ಗಾಳಿ ತೆಗೆಯಿರಿ ಎಂದರು ಒಬ್ಬರು. ಟೆಂಪೋದ ಡ್ರೈವರ್ ಕೈ ಅಡ್ಡ ಹಿಡಿದ. “ತೆಗುಕ್ಕೆ ಸಸಾರ. ಮತ್ ತುಂಬೂಕೆ ನಿಮ್ ಸೀಟಿ ಸಾಕಾತ್ತಾ ಅಕ್ಕ?” ಅವನು ಹೇಳಿದ್ದು ಸರಿ. ಸುಜಾತ, ಇದು ನೆನಪಿಟ್ಟುಕೋ. ಕಡಿದಾದ ಇಳಿಜಾರಿನಲ್ಲಿ ಜನ ಕೂತ ಗಾಡಿಯ ಗಾಳಿ ತೆಗೆಯಬಾರದು.

ಆಗ ನೆನಪಾಯಿತು ಜವಳಿ ಟೆಂಪೋ. ಅಲ್ಲಿ ಜನ ಇಳಿದದ್ದು ತಾಪತ್ರಯ. ಇಲ್ಲಿ ಹತ್ತಿದರೆ?

“ಒಂದ್ ನಾಲ್ಕೈದ್ ಜನ ಹತ್ತಿ ಕೂಕಣ್ಕ್,” ಎಂದೆ. “ಸ್ವಲ್ಪ... ಗಟ್ಟಿ ಜನ.”

ನಾನು ತಿರುಗಿ ನೋಡಿದ್ದೇ ತಡ, ಅಲ್ಲಿದ್ದವರೆಲ್ಲ ಒಮ್ಮೆಲೇ ಹೊಟ್ಟೆ ಒಳಗೆ ಎಳೆದುಕೊಂಡರು. ನೆಂಟರ ಎದುರು ದಪ್ಪ ಎನ್ನಿಸಿಕೊಳ್ಳಲು ಯಾರಿಗೆ ಮನಸ್ಸು? ಎಳೆದರೂ ಒಳಗೆ ಹೋಗದ ಹೊಟ್ಟೆ ಒಂದೇ ಇತ್ತು. ಗಲಾಟೆ ಕೇಳಿ ಕೆಳಗೆ ಬಂದಿದ್ದ ರಘುರಾಮಣ್ಣನದು. ಬೆಳಿಗ್ಗೆ ನಾನೇ ನಡೆಸಿದ ಮನುಷ್ಯ. ದೇವರನ್ನು ನೆನೆದು ಹತ್ತಿರ ಹೋದೆ.

“ಅಣ್ಣ, ನಿಮ್ಮಿಂದ ಒಂದ್ ಉಪ್ಕಾರ ಆಯ್ಕ್.”

“ಎಂತ? ಮೈದಾನಕ್ಕೆ ಇನ್ನೊಂದ್ ಸಲ ನಡ್ಕಂಡ್ ಹೋಯ್ಕಾ?”

“ಇಲ್ಲ, ಕೂಕಣ್ಕ್. ಈ ಟೆಂಪೋದ ಹಿಂದಿನ್ ಸೀಟಂಗೆ.”

“ನಾನ್ ಎಂತಕ್?”

ಅಜ್ಜಿ ಒಳಗಿನಿಂದಲೇ ಹೇಳಿದರು, “ನೀ ದಪ್ಪ ಇದ್ದೆ ಅಂದ್ಹೇಳಿ ಮಗಾ. ಹತ್ತ್.”

ಗಂಡಿನ ಕಡೆಯ ಹಿರಿಯರಿಗೆ ಹೆಣ್ಣಿನ ಕಡೆಯವರು ಹೇಳುವ ಮಾತೇ ಅದು? ರಘುರಾಮಣ್ಣ ಅಜ್ಜಿಯನ್ನು ನೋಡಿದರು, ಮಡಿಲಿನ ಗಿಂಡಿ ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು.

“ಅರೆ ಯಾರ್! ಬೊಂಬಾಯಂಗೆ ಈ ತೂಕಕ್ಕೆ ಡಾಕ್ಟ್ರ್ ಬೈದದ್ದೇ ಬೈದದ್ದ್. ಮರ್ಯಾದಿ ಸಿಕ್ಕದ್ ಇವತ್ತೇ,” ಎಂದು ಹತ್ತಿದರು. ಟೆಂಪೋ ಕುಯ್ ಎಂದಿತು. ಡ್ರೈವರಿನ ಮುಖ ಅರಳಿತು.

ಹಿಂದಿನ ಸೀಟೇ ಏಕೆ ಎಂದರೆ, ಇಳಿಜಾರು ಮುಗಿಯುವಲ್ಲಿ ಗಾಡಿಯ ಮುಂದಿನ ಚಕ್ರ ಸಮ ನೆಲಕ್ಕೆ ಬಂದಾಗ ಹಿಂದಿನ ಚಕ್ರ ಇನ್ನೂ ಮೇಲೆಯೇ ಇರುತ್ತದೆ. ಮೂಗು ದಾಟಿತೆಂದು ಡ್ರೈವರ್ ನಗುವ ಹೊತ್ತಿಗೆ ಹಿಂದಲೆ ತೊಲೆಗೆ ಬಡಿಯುತ್ತದೆ. ಭಾರದವರೆಲ್ಲ ಹಿಂದೆ ಕೂರಬೇಕು.

ರಘುರಾಮಣ್ಣ ಹತ್ತಿದ ಮೇಲೆ ಉಳಿದವರಿಗೂ ನಾಚಿಕೆ ಬಿಟ್ಟಿತು. ಶೇಖರಣ್ಣ ಹತ್ತಿದರು. ಅಡುಗೆಯವರು ಸೌಟು ಹಿಡಿದುಕೊಂಡೇ ಬಂದು ಹತ್ತಿದರು. ದೋಟಿ ಹಿಡಿದೆ, ಇನ್ನೂ ಒಂದಿಷ್ಟು ಬೇಕು. ಅಷ್ಟರಲ್ಲಿ ಮೇಲಿನಿಂದ ಪುರೋಹಿತ ಭಟ್ಟರು ಧೋತರ ಎತ್ತಿ ಹಿಡಿದು ಓಡಿ ಬಂದರು. ಅವರೂ ಊಟ ಬಲ್ಲ ಶರೀರದವರೇ.

“ಅಮ್ಮ ಎಲ್ಲಿ? ಹೊತ್ತಾಯ್ತ್, ಮುಹೂರ್ತ ಮೀರ್ತತ್ತ್!”

“ಭಟ್ರೇ, ಹತ್ತಿ,” ಎಂದರು ಅಜ್ಜಿ.

“ನಾನಾ? ಅಮ್ಮ, ಮುಹೂರ್ತ ಗಾಡಿಗ್ ಕಾಯ್ತಿಲ್ಲೆ.”

“ಗಾಡಿಗ್ ಕಾಯ್ದಿದ್ರೆ ಬೇಡ. ನೀವೇ ಗಾಡಿಯಗಿದ್ರೆ ಮೇಲ್ ಮಂತ್ರ ಯಾರ್ ಹೇಳೂದ್? ಹತ್ತಿ, ಬೇಗ ಮುಟ್ವ.”

ಭಟ್ಟರು ಹತ್ತಿದರು. ಆಗ ಬಂದರು ನಮ್ಮ ಮ್ಯಾನೇಜರು, ಬೆವರುತ್ತಾ, ಎರಡೂ ಕೈ ಅಗಲಿಸಿ. “ಗಿರಿಜಕ್ಕ! ಎತ್ರದ್ ಗಾಡಿ! ನಾ ಎಂತ ಹೇಳಿದೆ? ತಾಗ್ರೆ?”

“ತಾಗ್ರೆ ನಾ ಮನಿಗ್ ಹೋತೆ. ತಾಗ್ದಿದ್ರೆ ಅಜ್ಜಿ ಮದಿಗ್ ಹೋತ್ರ್,” ಎಂದೆ. ಆ ಕೆಲಸ ನನಗೆ ಬೇಕಿತ್ತು.

ಟೆಂಪೋದಲ್ಲಿದ್ದವರೆಲ್ಲ ಮ್ಯಾನೇಜರನ್ನು ಮೇಲಿನಿಂದ ಕೆಳಗೆ ನೋಡಿದರು. ರಘುರಾಮಣ್ಣ ಪಕ್ಕಕ್ಕೆ ಸರಿದು ಸೀಟು ತಟ್ಟಿದರು. “ಬನಿ ಸಾರ್. ನಿಮ್ದೇ ಕಟ್ಟಡ, ನಿಮ್ದೇ ತೂಕ.” ಅವರು ಆಚೆ ಈಚೆ ನೋಡಿ ಹತ್ತಿದರು. ದೋಟಿಯ ಕೆಂಪು ನೂಲು ತಾರಸಿಯ ಮೇಲಕ್ಕೆ ಬಂತು.

ನಾನು ಮುಂದೆ ನಿಂತು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಕೈಸನ್ನೆ ಮಾಡಿದೆ. ಕಂಬಿ ತಾರಸಿಯನ್ನು ಸವರಿ ಒಮ್ಮೆ ಕಿರುಗುಟ್ಟಿತು, ಬೈಯಲಿಲ್ಲ. ಮೂಗು ತೊಲೆ ದಾಟಿತು. ನಡು ದಾಟಿತು. ಹಿಂದಲೆ ಬರುವಾಗ ಒಳಗೆ ನೋಡುತ್ತೇನೆ, ರಘುರಾಮಣ್ಣ, ಭಟ್ಟರು, ಶೇಖರಣ್ಣ, ಅಡುಗೆಯವರು, ಮ್ಯಾನೇಜರು, ಎಲ್ಲರೂ ಮೊಣಕಾಲಿಗೆ ಹಣೆ ತಾಗುವಷ್ಟು ತಲೆ ತಗ್ಗಿಸಿ ಕೂತಿದ್ದಾರೆ. ಅಜ್ಜಿ ಒಬ್ಬರೇ ನೆಟ್ಟಗೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ತೊಲೆಗೂ ತಾರಸಿಗೂ ನಡುವೆ ವೀಳ್ಯದೆಲೆ ತೂರಿಸುವಷ್ಟು ಸಂದು. ಆ ಸಂದಿನಲ್ಲಿ ದೇವರು ಇದ್ದ.

ಹಲಗೆ ಇಟ್ಟು ಕುರ್ಚಿ ಇಳಿಸಿ ಲಿಫ್ಟಿಗೆ ತಳ್ಳಿದೆವು. ಹಿಂದೆಯೇ ಎಲ್ಲರೂ ನುಗ್ಗಿದರು. ಲಿಫ್ಟು ಭಾರ ಹೆಚ್ಚೆಂದು ಕಿರುಚತೊಡಗಿತು. ಮೊದಲು ರಘುರಾಮಣ್ಣ ಇಳಿದರು, ಆಮೇಲೆ ಮ್ಯಾನೇಜರು, ಆಮೇಲೆ ಅಡುಗೆಯವರು. “ಕೆಳಗ್ ಬೇಕಾಯ್ತ್, ಮೇಲ್ ಬೇಡ್ದೆ ಆಯ್ತಾ?” ಎನ್ನುತ್ತಾ ರಘುರಾಮಣ್ಣ ಮೆಟ್ಟಿಲು ಹತ್ತಿದರು. ಅಜ್ಜಿ, ಮಗ, ಭಟ್ಟರು ಮೇಲೆ ಹೋದರು.

ಗೇಟು ಬಿಟ್ಟು ಹೋಗುವ ಹಾಗಿಲ್ಲ. ಲಿಫ್ಟಿನ ಬಾಗಿಲ ಸಂದಿಗೆ ಕಿವಿ ಇಟ್ಟು ನಿಂತೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ವಾದ್ಯದ ಸ್ವರ ಒಮ್ಮೆಲೇ ಏರಿತು. ಧಾರೆ ಬಿತ್ತು ಎಂದು ತಿಳಿಯಿತು. ದೋಟಿ ಗೋಡೆಗೆ ಒರಗಿಸಿ ಕೈ ಮುಗಿದೆ.

ಅಷ್ಟು ಹೊತ್ತೂ ಒಳಗೇ ನಿಂತಿದ್ದ ಅದೇ ಟೆಂಪೋ ಸಂಜೆ ಅಜ್ಜಿಯನ್ನು ಹತ್ತಿಸಿಕೊಂಡು ಹೊರಗೆ ಹೋಗಬೇಕಲ್ಲ. ಈ ಸಲ ಕರೆಯಬೇಕಾಗಲಿಲ್ಲ. ಊಟ ಮುಗಿಸಿದ ಎರಡೂ ಕಡೆಯವರು ನಾನು ಮುಂದು ತಾನು ಮುಂದು ಎಂದು ಹತ್ತಿದರು. ಊಟವಾದ ಮೇಲಿನ ತೂಕ ಬೇರೆಯೇ. ತೊಲೆಗೂ ಟೆಂಪೋಗೂ ನಡುವೆ ಈಗ ಇಡೀ ಬಾಳೆಲೆ ಹಾಸಬಹುದಿತ್ತು.

ರಸ್ತೆಗೆ ಬಂದ ಮೇಲೆ ಅಜ್ಜಿ ಟೆಂಪೋ ನಿಲ್ಲಿಸಿ ನನ್ನ ಕೈಯಲ್ಲಿ ಒಂದು ತೆಂಗಿನಕಾಯಿ ಇಟ್ಟರು. “ನಾಲ್ಕ್ ಜನ ನನ್ನ ಹೊರೂ ದಿನ ನಿಂಗ್ ಹೇಳಿಕಳ್ಸ್ತೆ ಹೆಣೆ. ದೋಟಿ ಹಿಡ್ಕಂಡ್ ಬಾ. ನಮ್ಮನಿ ಬಾಗ್ಲ್ ತಗ್ಗ್ ಇತ್ತ್.”

ಮ್ಯಾನೇಜರು ಮರುದಿನ ಹೊಸ ಬೋರ್ಡು ಬರೆಸಲಿಲ್ಲ. ಏನೆಂದು ಬರೆಸುವುದು?

ನಾನು ಬಿಡುವ ಹೊತ್ತಿಗೆ ಬಾಗಿಲಿಗೆ ಕಣ್ಣಿನ ಯಂತ್ರ ಬಂತು. ಎತ್ತರದ್ದು ಬಂದರೆ ಕೂಗುತ್ತದೆ. ಕಾಗೆ ಹಾರಿದರೂ ಕೂಗುತ್ತಿತ್ತು, ನನ್ನ ಕೊಡೆಗೂ ಕೂಗುತ್ತಿತ್ತು. ಆದರೂ ಒಳ್ಳೆಯದೇ, ಮಳೆಗಾಲದಲ್ಲಿ ನೆನೆಯದೆ ನಿಲ್ಲುವುದಕ್ಕೆ ಆಯಿತು. ಸುಜಾತಳ ಕಟ್ಟಡದಲ್ಲಿ ಇನ್ನೂ ಒಳ್ಳೆಯದಿದೆಯಂತೆ. ಇರಲಿ. ಅದು ಎತ್ತರ ನೋಡುತ್ತದೆ, ಒಳಗೆ ಯಾರಿದ್ದಾರೆಂದು ನೋಡುವುದು ನೀನು. ಕೈ ಬೀಸುವ ಮೊದಲು ಒಮ್ಮೆ ಕಿಟಕಿಯಲ್ಲಿ ಇಣುಕು.

ನಾನು ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ದೋಟಿ ಮತ್ತೆ ಪೇರಳೆ ಕೊಯ್ಯುತ್ತಿದೆ. ಮೊನ್ನೆ ಫೋನು ಬಂತು.

“ಹೆಣೆ, ಕೆರಾಡಿ ಅಜ್ಜಿ ಮಾತಾಡೂದ್. ನಿನ್ನ ಇನ್ನೂ ಕರಿಲಿಲ್ಲೆ ಅಂದ್ಹೇಳಿ ಬೇಜಾರ್ ಮಾಡ್ಕಣ್ಬೇಡ. ನಂಗ್ ಪುರ್ಸೊತ್ತಿಲ್ಲೆ. ಮೊಮ್ಮಗಳ್ ಬಸ್ರಿ, ಸೀಮಂತ ಅದೇ ಹಾಲಂಗೆ. ನೀ ಬರ್ಕ್. ಮತ್ ಒಂದ್ ವಿಷ್ಯ. ಆ ರಘುರಾಮ ಡಾಕ್ಟ್ರ್ ಮಾತ್ ಕೇಳಿ ತೂಕ ಇಳ್ಸ್ತಿದ್ದ ಅಂಬ್ರ್. ಸೀಮಂತ ಕಳೀವರಿಗ್ ಬೇಡ ಅಂದ್ಹೇಳಿ ನೀ ಒಂದ್ ಮಾತ್ ಹೇಳ್, ನಾ ಹೇಳ್ರೆ ಬೈದಾಂಗ್ ಆತ್ತ್.”

ರಘುರಾಮಣ್ಣನಿಗೆ ಫೋನು ಮಾಡಿ ಹೇಳಿದೆ. ಆಮೇಲೆ ಹಿತ್ತಿಲಿಗೆ ಹೋಗಿ ನೋಡಿದರೆ ದೋಟಿಯ ಕೆಂಪು ನೂಲು ಬಿಸಿಲಿಗೆ ಮಾಸಿ ಬಿಳಿಯಾಗಿತ್ತು. ಅದರ ಗುರುತಿನ ಮೇಲೆಯೇ ಹೊಸದು ಕಟ್ಟಿಟ್ಟೆ.